ಪೆಟ್ಟಿಲ್ಲದೆ ಸೋರುವ ಶ್ವಾಸಕೋಶ: ಪತ್ತೆ ಹೇಗೆ, ಚಿಕಿತ್ಸೆ ಏನು?

(ಮೈಸೂರಿನಲ್ಲಿ ಸಾರ್ವಜನಿಕರಿಗಾಗಿ ನೀಡಿದ ಆರೋಗ್ಯ ಉಪನ್ಯಾಸದ ಬರಹ ರೂಪ. ಸಭಿಕರ ಕೆಲವು ಪ್ರಶ್ನೆಗಳನ್ನು ಕೊನೆಯಲ್ಲಿ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ. ಬೈಕಿನಿಂದ ಬಿದ್ದು ಪಕ್ಕೆಲುಬು ಮುರಿದು ಶ್ವಾಸಕೋಶಕ್ಕೆ ಚುಚ್ಚಿಕೊಂಡರೆ ಏನಾಗಿದೆ ಎಂಬುದು ಮನೆಯವರಿಗೂ ಗೊತ್ತಾಗುತ್ತದೆ, ಆಸ್ಪತ್ರೆಯವರಿಗೂ ಗೊತ್ತಾಗುತ್ತದೆ. ಇವತ್ತಿನ ವಿಷಯ ಅದಲ್ಲ. ಬಿದ್ದಿಲ್ಲ, ಪೆಟ್ಟು ಬಿದ್ದಿಲ್ಲ, ಭಾರ ಎತ್ತಿಲ್ಲ. ಕುಳಿತಲ್ಲೇ ಶ್ವಾಸಕೋಶ ಸೋರಿ ಎದೆಗೂಡಿನೊಳಗೆ ಗಾಳಿ ಸೇರಿಕೊಳ್ಳುತ್ತದೆ. ಇದಕ್ಕೆ ಸ್ಪಾಂಟೇನಿಯಸ್ ನ್ಯೂಮೋಥೊರಾಕ್ಸ್ ಎಂದು ಹೆಸರು. ಇದರ ಜೊತೆಗೆ ಇನ್ನೆರಡು ಅಪರೂಪದ ತೊಂದರೆಗಳನ್ನೂ ಹೇಳುತ್ತೇವೆ: ಗಾಳಿಯ ಜೊತೆ ರಕ್ತವೂ ತುಂಬುವ ಹೀಮೋನ್ಯೂಮೋಥೊರಾಕ್ಸ್, ಮತ್ತು ಎದೆಯ ನಟ್ಟನಡುವೆ ಗಾಳಿ ನುಗ್ಗುವ ನ್ಯೂಮೋಮೀಡಿಯಾಸ್ಟೈನಮ್.

ನಾವು ಒತ್ತಿ ಹೇಳಬೇಕೆಂದಿರುವುದು ಇಷ್ಟು. ಎಕ್ಸ್‌ರೇಯಲ್ಲಿ ಎಷ್ಟು ಗಾಳಿ ಕಾಣುತ್ತಿದೆ ಎಂಬುದಕ್ಕಿಂತ, ಆ ವ್ಯಕ್ತಿ ಹೇಗೆ ಉಸಿರಾಡುತ್ತಿದ್ದಾರೆ, ಅವರ ಶ್ವಾಸಕೋಶ ಮೊದಲಿಂದ ಹೇಗಿತ್ತು ಎಂಬುದೇ ಚಿಕಿತ್ಸೆಯನ್ನು ತೀರ್ಮಾನಿಸಬೇಕು. ಒಂದೇ ಅಳತೆಯ ಗಾಳಿ ಇದ್ದರೂ ಒಬ್ಬರನ್ನು ಮನೆಗೆ ಕಳಿಸಬಹುದು, ಇನ್ನೊಬ್ಬರನ್ನು ಐಸಿಯುಗೆ ಸೇರಿಸಬೇಕಾಗಬಹುದು.

ಶ್ವಾಸಕೋಶದ ಮೇಲೆ ಒಂದು ತೆಳು ಪೊರೆ, ಎದೆಗೂಡಿನ ಒಳಮೈಗೆ ಇನ್ನೊಂದು ಪೊರೆ. ಎರಡಕ್ಕೂ ಪ್ಲೂರಾ ಎಂದೇ ಹೆಸರು. ನಡುವೆ ಕೆಲವೇ ಮಿಲಿಲೀಟರ್ ದ್ರವ ಬಿಟ್ಟರೆ ಬೇರೇನೂ ಇಲ್ಲ. ಶ್ವಾಸಕೋಶಕ್ಕೆ ಯಾವಾಗಲೂ ಒಳಕ್ಕೆ ಕುಗ್ಗುವ ಸೆಳೆತ, ಎದೆಗೂಡಿಗೆ ಹೊರಕ್ಕೆ ಹಿಗ್ಗುವ ಸೆಳೆತ. ಈ ಜಗ್ಗಾಟದಿಂದಾಗಿ ಎರಡು ಪೊರೆಗಳ ನಡುವಿನ ಒತ್ತಡ ಹೊರಗಿನ ಗಾಳಿಗಿಂತ ಸುಮಾರು 5 ಸೆಂ.ಮೀ. ನೀರಿನಷ್ಟು ಕಡಿಮೆ ಇರುತ್ತದೆ. ಹೀಗಾಗಿ ಶ್ವಾಸಕೋಶದ ಮೇಲ್ಮೈಯಲ್ಲಿ ಸಣ್ಣದೊಂದು ತೂತು ಬಿದ್ದರೂ ಸಾಕು, ಗಾಳಿ ಆ ಜಾಗಕ್ಕೆ ನುಗ್ಗುತ್ತದೆ, ಶ್ವಾಸಕೋಶ ಕುಗ್ಗುತ್ತದೆ.

ತೂತು ಬೀಳುವುದು ಎಲ್ಲಿ? ಹೆಚ್ಚಾಗಿ ಶ್ವಾಸಕೋಶದ ತುದಿಯಲ್ಲಿ, ಕೊರಳೆಲುಬಿನ ಹಿಂದೆ. ಅಲ್ಲಿ ಬ್ಲೆಬ್ ಎನ್ನುವ ಗಾಳಿಗುಳ್ಳೆಗಳು ಎದ್ದಿರುತ್ತವೆ, ಅವುಗಳಲ್ಲೊಂದು ಒಡೆಯುತ್ತದೆ. ಎತ್ತರವಾಗಿ, ತೆಳ್ಳಗೆ ಬೆಳೆದ ಹುಡುಗರಲ್ಲಿ ಇದು ಹೆಚ್ಚು. ಧೂಮಪಾನ ಇದಕ್ಕೆ ನೇರ ಕಾರಣಗಳಲ್ಲೊಂದು. 1987ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನದ ಪ್ರಕಾರ ಸೇದುವ ಗಂಡಸರಿಗೆ ಅಪಾಯ 22 ಪಟ್ಟು, ಹೆಂಗಸರಿಗೆ 9 ಪಟ್ಟು ಹೆಚ್ಚು. ಗಾಂಜಾ ಸೇದಿ ದೀರ್ಘವಾಗಿ ಉಸಿರು ಕಟ್ಟುವವರಲ್ಲಿ ಗುಳ್ಳೆಗಳು ಇನ್ನೂ ದೊಡ್ಡದಾಗಿ ಕಾಣುವುದುಂಟು. ಹುಡುಗರು ಇದನ್ನು ಅಪ್ಪ ಅಮ್ಮನ ಎದುರು ಹೇಳುವುದಿಲ್ಲ. ಆದ್ದರಿಂದ ವೈದ್ಯರು ಸ್ವಲ್ಪ ಹೊತ್ತು ನಿಮ್ಮನ್ನು ಹೊರಗೆ ಕೂರಲು ಹೇಳಿದರೆ ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ.

ಇದು ಮೊದಲ ಬಗೆ, ಅಂದರೆ ಮೇಲ್ನೋಟಕ್ಕೆ ಆರೋಗ್ಯವಾಗಿದ್ದವರಲ್ಲಿ ಬರುವುದು. ಎರಡನೆಯದು ಈಗಾಗಲೇ ಹಾಳಾದ ಶ್ವಾಸಕೋಶದಲ್ಲಿ ಬರುವುದು, ಮತ್ತು ನಮ್ಮ ಕಡೆ ಹೆಚ್ಚು ಭಯಪಡಬೇಕಾದದ್ದು ಇದಕ್ಕೇ. ವರ್ಷಗಟ್ಟಲೆ ಬೀಡಿ ಸೇದಿದವರ ಸಿಒಪಿಡಿ (ಶ್ವಾಸನಾಳಗಳು ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ), ಸೌದೆ ಒಲೆಯ ಮುಂದೆ ಜೀವಮಾನ ಕಳೆದ ಹೆಂಗಸರ ಸಿಒಪಿಡಿ, ಕಲ್ಲಿನ ಕ್ವಾರಿಯ ದೂಳಿನಿಂದ ಬರುವ ಸಿಲಿಕೋಸಿಸ್, ಎಲ್ಲಕ್ಕಿಂತ ಮುಖ್ಯವಾಗಿ ಕ್ಷಯ. ಮೈಸೂರಿಗೆ ಕ್ಷಯದ ಚಿಕಿತ್ಸೆ ಹೊಸದೇನಲ್ಲ, ಕೆ.ಆರ್.ಎಸ್. ರಸ್ತೆಯ ಪಿಕೆಟಿಬಿ ಸ್ಯಾನಿಟೋರಿಯಂ ಶುರುವಾದದ್ದು 1921ರಲ್ಲಿ. ಆ ಕಾಲದಲ್ಲಿ ಎದೆಯೊಳಗೆ ಗಾಳಿ ಕಂಡರೆ ಕ್ಷಯವೆಂದೇ ವೈದ್ಯಲೋಕ ಭಾವಿಸುತ್ತಿತ್ತು. ಕ್ಷಯವಿಲ್ಲದ ಆರೋಗ್ಯವಂತರಲ್ಲೂ ಹೀಗಾಗುತ್ತದೆ ಎಂದು ಡೆನ್ಮಾರ್ಕಿನ ಕ್ಯಾರ್‌ಗಾರ್ಡ್ ವಿವರವಾಗಿ ತೋರಿಸಿದ್ದು 1932ರಲ್ಲಿ. ಆದರೆ ಆ ಮಾತನ್ನು ಹಿಡಿದು ನಮ್ಮ ಜಿಲ್ಲೆಗಳಲ್ಲಿ ಕ್ಷಯವನ್ನು ಮರೆಯುವ ಹಾಗಿಲ್ಲ. ಕೆಮ್ಮು, ಸಂಜೆ ಜ್ವರ, ತೂಕ ಇಳಿಕೆ ಇದ್ದರೆ ಕಫವನ್ನು ಸಿಬಿನಾಟ್ ಪರೀಕ್ಷೆಗೆ, ಅಂದರೆ ಕ್ಷಯದ ರೋಗಾಣುವಿನ ವಂಶವಾಹಿಯನ್ನು ಹುಡುಕುವ ಪರೀಕ್ಷೆಗೆ, ಕಳಿಸಲೇಬೇಕು. ಕ್ಷಯದಿಂದ ಆದ ಸೋರಿಕೆ ಬೇಗ ಮುಚ್ಚುವುದಿಲ್ಲ. ಕೆಲವೊಮ್ಮೆ ಎದೆಯೊಳಗಿನ ಗಾಳಿ ಹೊರತೆಗೆಯುವ ಟ್ಯೂಬ್ ವಾರಗಟ್ಟಲೆ ಇರಬೇಕಾಗುತ್ತದೆ, ಕ್ಷಯದ ಮಾತ್ರೆಗಳನ್ನು ಪೂರ್ತಿ ಅವಧಿಗೆ ನುಂಗಬೇಕಾಗುತ್ತದೆ.

ಲಕ್ಷಣಗಳಿಗೆ ಬರೋಣ. ಒಂದು ಕಡೆಯ ಎದೆಯಲ್ಲಿ ಥಟ್ಟನೆ ಚುಚ್ಚುವ ನೋವು, ಉಸಿರು ಎಳೆದುಕೊಂಡರೆ ಜಾಸ್ತಿ, ಭುಜಕ್ಕೂ ಹರಿಯಬಹುದು, ಒಣಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು. ಹೆಚ್ಚಿನವರಿಗೆ ಇದು ಸುಮ್ಮನೆ ಕೂತಿದ್ದಾಗಲೇ ಬರುತ್ತದೆ, ಓಡುವಾಗಲೋ ಆಡುವಾಗಲೋ ಅಲ್ಲ. ಒಂದೆರಡು ದಿನದಲ್ಲಿ ನೋವು ತಾನಾಗಿ ಕಡಿಮೆಯಾಗುತ್ತದೆ, ಗಾಳಿ ಮಾತ್ರ ಒಳಗೇ ಇರುತ್ತದೆ. ನೋವು ಹೋಯಿತಲ್ಲ ಎಂದು ಸುಮ್ಮನಾಗುವುದು ಇಲ್ಲಿಯೇ. ಗ್ಯಾಸ್ ಎಂದು ಸೋಡಾ ಕುಡಿಸುವುದು, ನರ ಹಿಡಿದಿದೆ ಎಂದು ಎಣ್ಣೆ ಹಚ್ಚಿ ತಿಕ್ಕುವುದು, ಮೆಡಿಕಲ್ ಸ್ಟೋರಿನಿಂದ ಗ್ಯಾಸ್ಟ್ರಿಕ್ ಮಾತ್ರೆ ತರುವುದು, ಹೀಗೆ ನಾಲ್ಕೈದು ದಿನ ಕಳೆದುಹೋಗುತ್ತದೆ. ಹದಿಹರೆಯದವರಿಗೂ ಯುವಕರಿಗೂ ಒಂದೇ ಕಡೆ ಎದೆ ನೋವು ದಿಢೀರೆಂದು ಬಂದರೆ ಇಸಿಜಿ ಒಂದೇ ಸಾಲದು, ಎದೆಯ ಎಕ್ಸ್‌ರೇ ಬೇಕು. ತಾಲೂಕು ಆಸ್ಪತ್ರೆಯಲ್ಲೂ ಅದು ಸಿಗುತ್ತದೆ.

ಎಕ್ಸ್‌ರೇ ನಿಂತು ತೆಗೆಯಬೇಕು. ಗಾಳಿ ಮೇಲೇರುವುದರಿಂದ ತುದಿಯಲ್ಲಿ ತೆಳುವಾದ ಬಿಳಿ ಗೆರೆ ಕಾಣುತ್ತದೆ, ಅದರಾಚೆ ರಕ್ತನಾಳಗಳ ಗುರುತೇ ಇರುವುದಿಲ್ಲ. ಮಲಗಿಸಿ ತೆಗೆದರೆ ಗಾಳಿ ಮುಂದಕ್ಕೂ ಕೆಳಕ್ಕೂ ಹರಡಿಕೊಂಡು ಗೆರೆ ಮರೆಯಾಗುತ್ತದೆ. ಸಣ್ಣ ನ್ಯೂಮೋಥೊರಾಕ್ಸ್ ತಪ್ಪಿಹೋಗುವುದು ಹೆಚ್ಚಾಗಿ ಹೀಗೆ. ಚರ್ಮದ ಮಡಿಕೆ, ಹೆಗಲಮೂಳೆಯ ಅಂಚು ಕೂಡ ಅದೇ ಗೆರೆಯಂತೆ ಕಂಡು ಮೋಸ ಮಾಡಬಹುದು. ಎಲ್ಲಕ್ಕಿಂತ ಅಪಾಯದ ತಪ್ಪು ಇನ್ನೊಂದಿದೆ. ಸಿಒಪಿಡಿ ಇರುವವರ ಶ್ವಾಸಕೋಶದೊಳಗೇ ಬೆಳೆದ ದೊಡ್ಡ ಬುಲ್ಲಾ, ಅಂದರೆ ಭಾರೀ ಗಾಳಿಗುಳ್ಳೆ, ಎಕ್ಸ್‌ರೇಯಲ್ಲಿ ನ್ಯೂಮೋಥೊರಾಕ್ಸ್‌ನಂತೆಯೇ ಕಪ್ಪಾಗಿ ಕಾಣುತ್ತದೆ. ಅದಕ್ಕೆ ಟ್ಯೂಬ್ ಚುಚ್ಚಿದರೆ ಇಲ್ಲದ ಸೋರಿಕೆಯನ್ನು ನಾವೇ ಸೃಷ್ಟಿಸಿದಂತೆ. ಅನುಮಾನವಿದ್ದು ರೋಗಿ ಸ್ಥಿರವಾಗಿದ್ದರೆ ಮೊದಲು ಸಿಟಿ ಸ್ಕ್ಯಾನ್, ಆಮೇಲೆ ಸೂಜಿ.

ಅಲ್ಟ್ರಾಸೌಂಡ್ ಈಗ ತುರ್ತು ಘಟಕಗಳಲ್ಲಿ ಬಹಳ ಉಪಯೋಗಕ್ಕೆ ಬರುತ್ತಿದೆ. ಉಸಿರಾಡುವಾಗ ಎರಡು ಪೊರೆಗಳು ಒಂದರ ಮೇಲೊಂದು ಜಾರುವುದು ಪರದೆಯಲ್ಲಿ ಕಾಣಬೇಕು. ಅದು ಕಂಡರೆ ಪ್ರೋಬ್ ಇಟ್ಟ ಆ ಜಾಗದಲ್ಲಿ ಗಾಳಿ ಇಲ್ಲ. ಕಾಣದಿದ್ದರೆ ಗಾಳಿ ಇರಬಹುದು, ಹಳೆಯ ಕಾಯಿಲೆಯಿಂದ ಪೊರೆಗಳು ಅಂಟಿಕೊಂಡಿರಲೂಬಹುದು. ಜಾರುವ ಭಾಗವೂ ಜಾರದ ಭಾಗವೂ ಸೇರುವ ಗಡಿ, ಅಂದರೆ ‘ಲಂಗ್ ಪಾಯಿಂಟ್’ ಸಿಕ್ಕರೆ ಪತ್ತೆ ಬಹುಪಾಲು ಖಚಿತ.

ಈಗ ಅಳತೆಯ ಮಾತು. ಎದೆಗೂಡಿನ ಒಂದು ಪಾರ್ಶ್ವದ ಅಗಲ 10 ಸೆಂ.ಮೀ., ಅಂಚಿನಲ್ಲಿ ಗಾಳಿ ಕೇವಲ 2 ಸೆಂ.ಮೀ., ಕುಗ್ಗಿದ ಶ್ವಾಸಕೋಶ 8 ಸೆಂ.ಮೀ. ಎಂದುಕೊಳ್ಳಿ. ನೋಡಲು ಐದರಲ್ಲೊಂದು ಪಾಲು. ಆದರೆ ಗಾತ್ರದ ಲೆಕ್ಕ ಘನದ್ದು: 8ರ ಘನ 512, 10ರ ಘನ 1000. ಅಂದರೆ ಶ್ವಾಸಕೋಶ ಸುಮಾರು ಅರ್ಧಕ್ಕೆ ಇಳಿದಿದೆ. ಈ ಕಾರಣದಿಂದಲೇ 2 ಸೆಂ.ಮೀ. ಎಂಬ ಗೆರೆಯನ್ನು ಬ್ರಿಟಿಷ್ ಥೊರಾಸಿಕ್ ಸೊಸೈಟಿ 2010ರ ಮಾರ್ಗಸೂಚಿಯಲ್ಲಿ ಎಳೆದಿತ್ತು. ಅದಕ್ಕಿಂತ ಹೆಚ್ಚಿದ್ದರೆ ಗಾಳಿ ತೆಗೆಯುವುದು ವಾಡಿಕೆಯಾಗಿತ್ತು. 2023ರ ಮಾರ್ಗಸೂಚಿಯಲ್ಲಿ ಅಳತೆ ಹಿಂದಕ್ಕೆ ಸರಿದು ರೋಗಿಯ ಲಕ್ಷಣಗಳು ಮುಂದಕ್ಕೆ ಬಂದಿವೆ. ರಕ್ತದೊತ್ತಡ ಕುಸಿದಿದೆಯೇ, ಆಮ್ಲಜನಕ ಗಣನೀಯವಾಗಿ ಇಳಿದಿದೆಯೇ, ಎರಡೂ ಕಡೆ ಗಾಳಿ ಇದೆಯೇ, ಜೊತೆಗೆ ರಕ್ತವಿದೆಯೇ, ಹಳೆಯ ಶ್ವಾಸಕೋಶದ ಕಾಯಿಲೆ ಇದೆಯೇ, 50 ದಾಟಿದ ಹಳೆಯ ಧೂಮಪಾನಿಯೇ? ಇವುಗಳಲ್ಲಿ ಒಂದಿದ್ದರೂ ಅಪಾಯದ ಗುಂಪು. ಯಾವುದೂ ಇಲ್ಲದೆ ರೋಗಿ ಆರಾಮವಾಗಿದ್ದರೆ ಕಾದು ನೋಡಬಹುದು, ಗಾಳಿ ಸಾಕಷ್ಟು ಇದ್ದರೂ ಸಹ.

ಈ ಬದಲಾವಣೆಗೆ ದೊಡ್ಡ ಕಾರಣ 2020ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾ–ನ್ಯೂಜಿಲೆಂಡ್ ಪ್ರಯೋಗ. 14ರಿಂದ 50 ವರ್ಷದ 316 ಮಂದಿ, ಎಲ್ಲರಿಗೂ ಮೊದಲ ಸಲದ, ಮಧ್ಯಮದಿಂದ ದೊಡ್ಡ ಪ್ರಮಾಣದ ಸೋರಿಕೆ. ಅರ್ಧದಷ್ಟು ಜನರಿಗೆ ಟ್ಯೂಬ್, ಉಳಿದವರಿಗೆ ನೋವಿನ ಮಾತ್ರೆ ಮತ್ತು ನಿಗಾ. ಕಾದವರಲ್ಲಿ ಸುಮಾರು ಶೇ. 85 ಮಂದಿಗೆ ಟ್ಯೂಬ್ ಬೇಕೇ ಆಗಲಿಲ್ಲ. ಎಂಟು ವಾರಕ್ಕೆ ಶ್ವಾಸಕೋಶ ಅರಳಿದ್ದು ಅವರಲ್ಲಿ ಶೇ. 94, ಟ್ಯೂಬ್ ಹಾಕಿದವರಲ್ಲಿ ಶೇ. 98. ಎಂಟನೇ ವಾರದ ಮಾಹಿತಿ ಕೆಲವರದ್ದು ಸಿಗದೇ ಹೋದದ್ದು ಈ ಲೆಕ್ಕದ ಬಲವನ್ನು ಸ್ವಲ್ಪ ತಗ್ಗಿಸುತ್ತದೆ ನಿಜ. ಆದರೂ ಆರಾಮವಾಗಿ ನಡೆದಾಡುವ ಹುಡುಗನಿಗೆ ಫಿಲ್ಮ್ ನೋಡಿದ ಕೂಡಲೇ ಟ್ಯೂಬ್ ಹಾಕುವ ಅವಸರ ಬೇಡ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಕಾಯುವುದಕ್ಕೂ ಕ್ರಮವಿದೆ. ಕನಿಷ್ಠ ನಾಲ್ಕು ಗಂಟೆ ಆಸ್ಪತ್ರೆಯಲ್ಲಿ ಇರಿಸಿಕೊಂಡು ಮತ್ತೆ ಎಕ್ಸ್‌ರೇ ತೆಗೆಯಬೇಕು. ಗಾಳಿ ಹೆಚ್ಚಿರಬಾರದು, ಆಮ್ಲಜನಕದ ಆಸರೆ ಇಲ್ಲದೆ ಆರಾಮವಾಗಿ ನಡೆಯುವಂತಿರಬೇಕು. ಮನೆಯಲ್ಲಿ ಜೊತೆಗೆ ಒಬ್ಬರಿರಬೇಕು, ರಾತ್ರಿ ಹೊತ್ತಿನಲ್ಲೂ ಆಸ್ಪತ್ರೆ ತಲುಪುವ ದಾರಿ ಇರಬೇಕು. ಮೈಸೂರು ನಗರದೊಳಗೆ ಇರುವವರನ್ನು ಮನೆಗೆ ಕಳಿಸುವುದು ಬೇರೆ, ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಗೆ ಕಳಿಸುವುದು ಬೇರೆ. ದೂರದವರನ್ನು ಒಂದೆರಡು ದಿನ ವಾರ್ಡಿನಲ್ಲೇ ಇಟ್ಟುಕೊಳ್ಳುವುದು ಲೇಸು. ಒಳಗಿನ ಗಾಳಿ ದಿನಕ್ಕೆ ಆ ಪಾರ್ಶ್ವದ ಗಾತ್ರದ ಶೇ. 1.25ರಿಂದ 2.2ರಷ್ಟು ಮಾತ್ರ ಹೀರಿಹೋಗುತ್ತದೆ. ಕಾಲು ಭಾಗ ಗಾಳಿ ಇದ್ದರೆ ಅದು ಪೂರ್ತಿ ಹೋಗಲು ಹನ್ನೆರಡರಿಂದ ಇಪ್ಪತ್ತು ದಿನ. ಆಮ್ಲಜನಕ ಕೊಟ್ಟರೆ ಈ ವೇಗ ಹೆಚ್ಚುತ್ತದೆ, ಏಕೆಂದರೆ ಸಿಕ್ಕಿಬಿದ್ದ ಗಾಳಿಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಸಾರಜನಕ. ರಕ್ತದಲ್ಲಿ ಸಾರಜನಕ ಕಡಿಮೆಯಾದಷ್ಟೂ ಅದು ಒಳಗಿನಿಂದ ರಕ್ತಕ್ಕೆ ಬೇಗ ಇಳಿಯುತ್ತದೆ. ಆದರೆ ಸಿಒಪಿಡಿ ಇರುವವರಿಗೆ ಆಮ್ಲಜನಕ ಅಳೆದು ಕೊಡಬೇಕು, ಸ್ಯಾಚುರೇಶನ್, ಅಂದರೆ ರಕ್ತದ ಆಮ್ಲಜನಕದ ಮಟ್ಟ, ಶೇ. 88ರಿಂದ 92ರ ನಡುವೆ ಇದ್ದರೆ ಸಾಕು. ಅತಿಯಾದರೆ ಇಂಗಾಲದ ಡೈಆಕ್ಸೈಡ್ ರಕ್ತದಲ್ಲಿ ಏರಿ ಮಂಪರು ಕವಿಯುತ್ತದೆ.

ಗಾಳಿ ತೆಗೆಯಲೇಬೇಕಾದಾಗ ಮೊದಲ ದಾರಿ ಸೂಜಿ: 16 ಅಥವಾ 18 ಗೇಜಿನ ಕ್ಯಾನುಲಾ, ಮೂರು ದಾರಿಯ ತಿರುಪು, 50 ಮಿ.ಲೀ. ಸಿರಿಂಜ್. ಎರಡೂವರೆ ಲೀಟರ್ ಎಳೆದ ಮೇಲೂ ಗಾಳಿ ಬರುತ್ತಲೇ ಇದ್ದರೆ ತೂತು ಇನ್ನೂ ತೆರೆದಿದೆ ಎಂದರ್ಥ, ಎಳೆಯುವುದನ್ನು ನಿಲ್ಲಿಸಿ ಟ್ಯೂಬಿಗೆ ಹೋಗಬೇಕು.

ಟ್ಯೂಬ್ ಎಂದರೆ ಜನ ಬೆಚ್ಚುತ್ತಾರೆ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇವೆ. ಬರಿಯ ಗಾಳಿಗೆ 14 ಫ್ರೆಂಚ್ (ಟ್ಯೂಬಿನ ದಪ್ಪದ ಅಳತೆ) ಒಳಗಿನ ತೆಳು ಟ್ಯೂಬ್ ಸಾಕು, ಹೊರ ಅಡ್ಡಳತೆ ಐದು ಮಿ.ಮೀ.ಗೂ ಕಡಿಮೆ. ರಕ್ತವಿದ್ದರೆ 24ರಿಂದ 28 ಫ್ರೆಂಚ್, ಇಲ್ಲದಿದ್ದರೆ ಹೆಪ್ಪು ಕಟ್ಟಿ ಮುಚ್ಚಿಹೋಗುತ್ತದೆ. ರೋಗಿಯನ್ನು ಅರೆಗೂರಿಸಿ, ಆ ಕಡೆಯ ಕೈಯನ್ನು ತಲೆಯ ಹಿಂದೆ ಇರಿಸುತ್ತಾರೆ. ಜಾಗ ಕಂಕುಳ ಕೆಳಗಿನ ತ್ರಿಕೋನ: ಮುಂದೆ ಎದೆಯ ಸ್ನಾಯುವಿನ ಅಂಚು, ಹಿಂದೆ ಬೆನ್ನಿನ ಸ್ನಾಯುವಿನ ಅಂಚು, ಕೆಳಗೆ ಐದನೇ ಪಕ್ಕೆಲುಬಿನ ಸಂದಿನ ಮಟ್ಟ. ಮರವಳಿಕೆಗೆ ಲಿಗ್ನೋಕೇನ್, ತೂಕದ ಪ್ರತಿ ಕಿಲೋಗೆ 3 ಮಿ.ಗ್ರಾಂ. ಮಿತಿ ಇಟ್ಟುಕೊಂಡರೆ ಕ್ಷೇಮ. 60 ಕಿಲೋ ತೂಕದವರಿಗೆ ಶೇ. 1ರ ದ್ರಾವಣವಾದರೆ 18 ಮಿ.ಲೀ., ಶೇ. 2ರದ್ದಾದರೆ 9 ಮಿ.ಲೀ. ವಯಲ್ ಮೇಲಿನ ಅಂಕಿ ಓದದೆ ತುಂಬಿಕೊಂಡರೆ ಡೋಸ್ ಇಮ್ಮಡಿಯಾಗುತ್ತದೆ. ಸೂಜಿ ಹೋಗಬೇಕಾದದ್ದು ಕೆಳಗಿನ ಪಕ್ಕೆಲುಬಿನ ಮೇಲಂಚಿನಲ್ಲಿ, ಏಕೆಂದರೆ ರಕ್ತನಾಳವೂ ನರವೂ ಪ್ರತಿ ಪಕ್ಕೆಲುಬಿನ ಕೆಳಂಚಿಗೆ ಅಂಟಿಕೊಂಡು ಸಾಗುತ್ತವೆ. ಮರವಳಿಕೆಯ ಸೂಜಿಯಲ್ಲೇ ಹಿಂದಕ್ಕೆ ಎಳೆದು ನೋಡಿದಾಗ ಗಾಳಿ ಬರಬೇಕು. ಬಾರದಿದ್ದರೆ ಆ ಜಾಗದಲ್ಲಿ ಮುಂದುವರಿಯಬಾರದು. ಹಳೆಯ ಕ್ಷಯದಿಂದ ಶ್ವಾಸಕೋಶ ಗೋಡೆಗೆ ಅಂಟಿಕೊಂಡಿದ್ದರೆ ಟ್ಯೂಬ್ ನೇರವಾಗಿ ಶ್ವಾಸಕೋಶಕ್ಕೇ ಹೊಕ್ಕೀತು.

ಟ್ಯೂಬಿನ ಇನ್ನೊಂದು ತುದಿ ನೀರಿನ ಬಾಟಲಿಯೊಳಗೆ, ನೀರಿನ ಮಟ್ಟದಿಂದ 2 ಸೆಂ.ಮೀ. ಕೆಳಗೆ ಮುಳುಗಿರಬೇಕು. 2 ಸೆಂ.ಮೀ. ಮಾತ್ರ ಏಕೆ? ಗಾಳಿ ಹೊರಬರಲು ಆ ನೀರನ್ನು ತಳ್ಳಬೇಕು. 8 ಸೆಂ.ಮೀ. ಮುಳುಗಿಸಿದರೆ ಸುಸ್ತಾದ ರೋಗಿ ಪ್ರತಿ ಉಸಿರಿಗೂ 8 ಸೆಂ.ಮೀ. ಒತ್ತಡ ಕೊಡಬೇಕಾಗುತ್ತದೆ. ಗುಳ್ಳೆ ಬರುತ್ತಿದ್ದರೆ ಸೋರಿಕೆ ಇದೆ. ಸೈಕಲ್ ಶಾಪಿನವರು ಟ್ಯೂಬನ್ನು ನೀರಿಗೆ ಅದ್ದಿ ಪಂಕ್ಚರ್ ಹುಡುಕುವ ಲೆಕ್ಕವೇ ಇದು. ಗುಳ್ಳೆ ನಿಂತು, ಉಸಿರಿಗೆ ತಕ್ಕಂತೆ ನೀರು ಮಾತ್ರ ಏರಿಳಿಯುತ್ತಿದ್ದರೆ ಟ್ಯೂಬ್ ಕೆಲಸ ಮಾಡುತ್ತಿದೆ, ಸೋರಿಕೆ ನಿಂತಿದೆ. ಏರಿಳಿತವೂ ನಿಂತರೆ ಒಂದೋ ಶ್ವಾಸಕೋಶ ಪೂರ್ತಿ ಅರಳಿದೆ, ಇಲ್ಲವೇ ಟ್ಯೂಬ್ ಮಡಿಚಿದೆ ಅಥವಾ ಕಟ್ಟಿಕೊಂಡಿದೆ. ಇದನ್ನು ಎಕ್ಸ್‌ರೇ ಹೇಳುತ್ತದೆ.

ಜೊತೆಗಿರುವ ಮನೆಯವರು ನೆನಪಿಡಬೇಕಾದದ್ದು ಎರಡು. ಬಾಟಲಿ ಯಾವಾಗಲೂ ಎದೆಯ ಮಟ್ಟಕ್ಕಿಂತ ಕೆಳಗಿರಬೇಕು. ಮೇಲೆತ್ತಿದರೆ ನೀರು ಹಿಂದಕ್ಕೆ ಎದೆಯೊಳಗೆ ಹರಿಯುತ್ತದೆ. ಸ್ಟ್ರೆಚರ್ ಮೇಲೆ ಹೊರಳಿಸುವಾಗ, ಮಂಡ್ಯದಿಂದ ಮೈಸೂರಿಗೆ ಆಂಬುಲೆನ್ಸಿನಲ್ಲಿ ಕರೆತರುವಾಗ, ಬಾಟಲಿಯನ್ನು ರೋಗಿಯ ಹೊಟ್ಟೆಯ ಮೇಲೆ ಇಡುವುದು ಸಾಮಾನ್ಯವಾಗಿ ಆಗುವ ತಪ್ಪು. ಎರಡನೆಯದಾಗಿ, ಗುಳ್ಳೆ ಬರುತ್ತಿರುವ ಟ್ಯೂಬಿಗೆ ಪ್ರಯಾಣದ ನೆಪದಲ್ಲಿ ಕ್ಲ್ಯಾಂಪ್ ಹಾಕಲೇಬಾರದು. ಹೊರದಾರಿ ಮುಚ್ಚಿದರೆ ಗಾಳಿ ಒಳಗೇ ಶೇಖರವಾಗಿ ಒತ್ತಡ ಏರುತ್ತದೆ. ಅದೇ ಟೆನ್ಷನ್ ನ್ಯೂಮೋಥೊರಾಕ್ಸ್: ನಾಡಿ ಓಡುತ್ತದೆ, ರಕ್ತದೊತ್ತಡ ಕುಸಿಯುತ್ತದೆ, ಕತ್ತಿನ ರಕ್ತನಾಳ ಉಬ್ಬಬಹುದು, ತುಟಿ ನೀಲಿಯಾಗುತ್ತದೆ. ಆಗ ಎಕ್ಸ್‌ರೇಗೆ ಕಾಯುವ ಮಾತೇ ಇಲ್ಲ. ಟ್ಯೂಬ್ ಇದ್ದರೆ ಕ್ಲ್ಯಾಂಪ್ ತೆಗೆಯಬೇಕು. ಇಲ್ಲದಿದ್ದರೆ ವೈದ್ಯರು ದಪ್ಪ ಸೂಜಿಯಿಂದ ಕೂಡಲೇ ಗಾಳಿ ಹೊರಬಿಡಬೇಕು. ಎದೆಯ ಗೋಡೆ ದಪ್ಪಗಿರುವವರಲ್ಲಿ ಮೇಲೆ ಎರಡನೇ ಸಂದಿನಲ್ಲಿ ಚುಚ್ಚಿದ ಸೂಜಿ ಒಳಗೆ ತಲುಪದೇ ಹೋಗುವುದರಿಂದ, ವಯಸ್ಕರಿಗೆ ಪಕ್ಕದ ನಾಲ್ಕು–ಐದನೇ ಸಂದನ್ನು ಆರಿಸುವುದು ಈಗ ಹೆಚ್ಚು.

ತುಂಬಾ ದಿನ ಕುಗ್ಗಿದ್ದ ಶ್ವಾಸಕೋಶವನ್ನು ಒಮ್ಮೆಲೇ ಅರಳಿಸುವುದೂ ಅಪಾಯ. ಮೂರು ದಿನಕ್ಕಿಂತ ಹಳೆಯ, ದೊಡ್ಡ ಸೋರಿಕೆಗೆ ಆರಂಭದಲ್ಲೇ ಸಕ್ಷನ್, ಅಂದರೆ ಗಾಳಿ ಎಳೆಯುವ ಯಂತ್ರ, ಹಚ್ಚಿದರೆ ಶ್ವಾಸಕೋಶದಲ್ಲಿ ನೀರು ತುಂಬಿ ಕೆಮ್ಮು, ನೊರೆಕಫ, ಏದುಸಿರು ಬರಬಹುದು. ಅದಕ್ಕೇ ಮೊದಲು ಬರಿಯ ನೀರಿನ ಬಾಟಲಿ. ಬೇಕೆನಿಸಿದರೆ ಆಮೇಲೆ 10ರಿಂದ 20 ಸೆಂ.ಮೀ. ಮೃದು ಸೆಳೆತ.

ಐದಾರು ದಿನವಾದರೂ ಗುಳ್ಳೆ ನಿಲ್ಲದಿದ್ದರೆ ಶಸ್ತ್ರಚಿಕಿತ್ಸಕರ ಸಲಹೆ ಬೇಕು. ಎರಡನೇ ಸಲ ಬಂದವರಿಗೆ, ಒಮ್ಮೆಲೇ ಎರಡೂ ಕಡೆ ಸೋರಿದವರಿಗೆ, ರಕ್ತ ಸೇರಿದವರಿಗೂ ಅಷ್ಟೇ. ಮೊದಲ ಸಲದ ನಂತರ ಮತ್ತೆ ಬರುವ ಸಾಧ್ಯತೆ ಸುಮಾರು ಮೂರರಲ್ಲಿ ಒಂದು. ಹೆಚ್ಚಿನದು ಮೊದಲ ವರ್ಷದಲ್ಲೇ. ಸಣ್ಣ ರಂಧ್ರಗಳಿಂದ ಕ್ಯಾಮೆರಾ ತೂರಿಸಿ ಮಾಡುವ ವ್ಯಾಟ್ಸ್ ಶಸ್ತ್ರಚಿಕಿತ್ಸೆಯಲ್ಲಿ ಗುಳ್ಳೆಯಿರುವ ತುದಿಯನ್ನು ಸ್ಟೇಪಲ್ ಹಾಕಿ ಕತ್ತರಿಸಿ, ಎದೆಗೋಡೆಯ ಪೊರೆಯನ್ನು ಉಜ್ಜಿ ಅಥವಾ ಸುಲಿದು, ಶ್ವಾಸಕೋಶ ಗೋಡೆಗೆ ಅಂಟಿಕೊಳ್ಳುವಂತೆ ಮಾಡುತ್ತಾರೆ. ಶಸ್ತ್ರಚಿಕಿತ್ಸೆ ತಾಳದ ಹಿರಿಯರಿಗೆ ಟ್ಯೂಬಿನ ಮೂಲಕ ಟಾಲ್ಕ್ ಪುಡಿಯನ್ನು, ಇಲ್ಲವೇ ಅವರದೇ ರಕ್ತವನ್ನು ಒಳಬಿಟ್ಟು ಸೋರಿಕೆ ಮುಚ್ಚಿಸುವ ದಾರಿಗಳಿವೆ.

ಗಾಳಿಯ ಜೊತೆ ರಕ್ತ ಬರುವುದು ಹೀಗೆ: ಶ್ವಾಸಕೋಶದ ತುದಿಗೂ ಎದೆಗೋಡೆಗೂ ನಡುವೆ ಕೆಲವರಲ್ಲಿ ರಕ್ತನಾಳವಿರುವ ಎಳೆಯೊಂದು ಇರುತ್ತದೆ. ಶ್ವಾಸಕೋಶ ಕುಗ್ಗಿದಾಗ ಅದು ಹರಿದು ರಕ್ತ ಸುರಿಯುತ್ತದೆ. ಎಕ್ಸ್‌ರೇಯಲ್ಲಿ ಮೇಲೆ ಗಾಳಿ, ಕೆಳಗೆ ಅಡ್ಡಗೆರೆ ಎಳೆದಂತೆ ದ್ರವದ ಮಟ್ಟ. ಬರಿಯ ನ್ಯೂಮೋಥೊರಾಕ್ಸ್ ಇರುವ ಹುಡುಗ ಬಿಳಿಚಿಕೊಳ್ಳುವುದಿಲ್ಲ, ತಣ್ಣಗೆ ಬೆವರುವುದಿಲ್ಲ. ಬಿಳಿಚಿಕೊಂಡು ತಣ್ಣಗೆ ಬೆವರುತ್ತಿದ್ದರೆ ರಕ್ತದ ಗುಂಪು ನೋಡಿ ರಕ್ತ ಸಿದ್ಧಮಾಡಿಕೊಂಡು, ಶಸ್ತ್ರಚಿಕಿತ್ಸಕರನ್ನು ಆಗಲೇ ಕರೆಸಬೇಕು.

ನ್ಯೂಮೋಮೀಡಿಯಾಸ್ಟೈನಮ್ ನೋಡಲು ಗಾಬರಿ ಹುಟ್ಟಿಸುತ್ತದೆ, ಆದರೆ ಬಹುಪಾಲು ನಿರಪಾಯ. ಜೋರು ಕೆಮ್ಮು, ಆಸ್ತಮಾ ದಾಳಿ, ಹೆರಿಗೆಯ ಮುಕ್ಕಿರಿತ, ಜಿಮ್ಮಿನಲ್ಲಿ ಉಸಿರು ಬಿಗಿಹಿಡಿದು ಭಾರ ಎತ್ತುವುದು, ಇಂಥವುಗಳಿಂದ ಗಾಳಿಚೀಲ ಒಡೆದು ಗಾಳಿ ರಕ್ತನಾಳಗಳ ಹೊದಿಕೆಗುಂಟ ಎದೆಯ ನಡುವಿಗೆ, ಅಲ್ಲಿಂದ ಕತ್ತಿಗೆ ಏರುತ್ತದೆ. ಕತ್ತು ಊದಿಕೊಂಡು ಒತ್ತಿದರೆ ಚರಚರ ಎನ್ನುತ್ತದೆ. ಸ್ಟೆತಸ್ಕೋಪಿನಲ್ಲಿ ಹೃದಯದ ಬಡಿತಕ್ಕೆ ಸರಿಯಾಗಿ ಕರಕರ ಸದ್ದು ಕೇಳಬಹುದು. 1939ರಲ್ಲಿ ಇದನ್ನು ವಿವರಿಸಿದ ಲೂಯಿಸ್ ಹ್ಯಾಮನ್ ಅವರ ಹೆಸರೇ ಆ ಸದ್ದಿಗೆ ಉಳಿದಿದೆ. ವಿಶ್ರಾಂತಿ, ನೋವಿನ ಮಾತ್ರೆ, ಕೆಮ್ಮಿನ ಹಾಗೂ ಆಸ್ತಮಾದ ಚಿಕಿತ್ಸೆ ಸಾಕು, ಒಂದೆರಡು ವಾರದಲ್ಲಿ ಗಾಳಿ ಕರಗುತ್ತದೆ. ಒಂದು ಸಂದರ್ಭ ಮಾತ್ರ ಬೇರೆ. ಜೋರಾಗಿ ವಾಂತಿಯಾಗಿ, ಅದರ ಹಿಂದೆಯೇ ತಡೆಯಲಾಗದ ಎದೆನೋವು ಬಂದು ಕತ್ತು ಊದಿದ್ದರೆ ಹರಿದಿರುವುದು ಅನ್ನನಾಳ ಆಗಿರಬಹುದು. ಒಂದು ಗುಟುಕು ನೀರನ್ನೂ ಕೊಡದೆ, ಸಿಟಿ ಸ್ಕ್ಯಾನ್ ಹಾಗೂ ಶಸ್ತ್ರಚಿಕಿತ್ಸೆಯ ಅನುಕೂಲವಿರುವ ಆಸ್ಪತ್ರೆಗೆ ಹೋಗಬೇಕು. ಇಲ್ಲಿ ತಡವಾದ ಪ್ರತಿ ಗಂಟೆಯೂ ಜೀವಕ್ಕೆ ಕುತ್ತು.

ಶ್ವಾಸಕೋಶ ಅರಳಿದ ಮೇಲೆ ಕಾರಣ ಹುಡುಕುವ ಕೆಲಸ ನಮ್ಮಲ್ಲಿ ಅರ್ಧಕ್ಕೇ ನಿಲ್ಲುತ್ತದೆ, ವಿಶೇಷವಾಗಿ ಹೆಂಗಸರ ವಿಷಯದಲ್ಲಿ. ಮುಟ್ಟಿನ ಆಸುಪಾಸಿನಲ್ಲಿ, ಅಂದರೆ ಶುರುವಾಗುವ ಹಿಂದಿನ ದಿನದಿಂದ ಮೂರನೇ ದಿನದೊಳಗೆ, ಬಲಗಡೆ ಎದೆನೋವು ಮರುಕಳಿಸುತ್ತಿದ್ದರೆ ಅದು ಎಂಡೋಮೆಟ್ರಿಯೋಸಿಸ್‌ನಿಂದ (ಗರ್ಭಕೋಶದ ಒಳಪದರದಂಥ ಅಂಗಾಂಶ ಬೇರೆಡೆ ಬೆಳೆಯುವ ಕಾಯಿಲೆ) ವಪೆಯಲ್ಲಿ ತೂತುಗಳಾದದ್ದರ ಫಲವಿರಬಹುದು. ಇದು ಹೆಚ್ಚುಕಡಿಮೆ ಯಾವಾಗಲೂ ಬಲಗಡೆಯೇ. ದಯವಿಟ್ಟು ಮುಟ್ಟಿನ ದಿನಾಂಕವನ್ನು ವೈದ್ಯರಿಗೆ ಸಂಕೋಚವಿಲ್ಲದೆ ಹೇಳಿ, ಅವರು ಕೇಳದಿದ್ದರೂ ಹೇಳಿ. ತೂತು ಮುಚ್ಚುವ ಶಸ್ತ್ರಚಿಕಿತ್ಸೆಯ ಜೊತೆ ಕೆಲವು ತಿಂಗಳ ಹಾರ್ಮೋನ್ ಚಿಕಿತ್ಸೆ ಬೇಕಾಗುತ್ತದೆ. ಹೆರುವ ವಯಸ್ಸಿನ ಹೆಂಗಸರ ಸಿಟಿಯಲ್ಲಿ ಶ್ವಾಸಕೋಶದ ತುಂಬ ದುಂಡನೆಯ ನೀರ್ಗುಳ್ಳೆಯಾಕಾರದ ಸಿಸ್ಟ್‌ಗಳು ಕಂಡರೆ ಲ್ಯಾಮ್ ಎಂಬ ಕಾಯಿಲೆ ಇರಬಹುದು. ಅದಕ್ಕೆ ಸಿರೊಲಿಮಸ್ ಎಂಬ ಔಷಧಿ ಇದೆ. ಅಣ್ಣ, ತಂದೆ, ಚಿಕ್ಕಪ್ಪ ಹೀಗೆ ಮನೆಯಲ್ಲಿ ಹಲವರಿಗೆ ಶ್ವಾಸಕೋಶ ಸೋರಿದ್ದರೆ ಬರ್ಟ್–ಹಾಗ್–ಡುಬೆ ಎಂಬ ವಂಶವಾಹಿ ದೋಷ ನೆನಪಾಗಬೇಕು. ಅವರಿಗೆ ಮೂತ್ರಪಿಂಡದ ಗೆಡ್ಡೆಯ ಅಪಾಯವೂ ಇರುವುದರಿಂದ ಆಗಾಗ ಸ್ಕ್ಯಾನ್ ಬೇಕು. ಕೈಕಾಲು, ಬೆರಳು ಅತಿ ಉದ್ದ ಇರುವವರಿಗೆ ಮಾರ್ಫನ್ ಎಂಬ ವಂಶವಾಹಿ ಕಾಯಿಲೆ ಇದೆಯೇ ಎಂದು ಹೃದಯದ ಎಕೋ ಮಾಡಿಸಬೇಕು.

ಸಭಿಕರ ಪ್ರಶ್ನೆಗಳಿಂದ

‘ನನ್ನ ಮಗನಿಗೆ ಮೊದಲ ಸಲ ಆಗಿ ವಾಸಿಯಾಗಿದೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಬಹುದಾ, ಸಾರ್?’

ಎಕ್ಸ್‌ರೇಯಲ್ಲಿ ಶ್ವಾಸಕೋಶ ಪೂರ್ತಿ ಅರಳಿದ್ದು, ನೋವಿಲ್ಲದಿದ್ದರೆ ಹತ್ತಲಿ. ನಡೆದರೆ, ಹತ್ತಿದರೆ ಶ್ವಾಸಕೋಶ ಒಡೆಯುವುದಿಲ್ಲ. ಕಬಡ್ಡಿಯಂಥ ಮೈತಾಗುವ ಆಟ, ಭಾರ ಎತ್ತುವುದು ಕೆಲವು ವಾರ ಬೇಡ. ಬಿಡಲೇಬೇಕಾದದ್ದು ಸಿಗರೇಟು.

‘ಬಲೂನ್ ಊದುವ ವ್ಯಾಯಾಮ ಮಾಡಿಸಿದರೆ ಬೇಗ ಅರಳುತ್ತದಂತೆ?’

ಸೋರಿಕೆ ಇರುವಾಗ ಬಲೂನ್ ಬೇಡ. ಬಲವಾಗಿ ಊದುವಾಗ ಒಳಗಿನ ಒತ್ತಡ ಏರಿ ತೂತಿನಿಂದ ಇನ್ನಷ್ಟು ಗಾಳಿ ಹೊರಬೀಳಬಹುದು. ಟ್ಯೂಬ್ ಹಾಕಿರುವವರಿಗೆ ಫಿಸಿಯೋಥೆರಪಿಸ್ಟ್ ಹೇಳಿಕೊಡುವ, ಉಸಿರನ್ನು ಒಳಕ್ಕೆ ಎಳೆಯುವ ವ್ಯಾಯಾಮ ಸಾಕು.

‘ಎದೆಯಲ್ಲಿ ಸ್ವಲ್ಪ ಗಾಳಿ ಇದೆ, ಮನೆಗೆ ಕಳಿಸಿದ್ದಾರೆ. ಮುಂದಿನ ವಾರ ಊಟಿಗೆ ಹೋಗುವುದಿದೆ.’

ಮುಂದಕ್ಕೆ ಹಾಕಿ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್, ಊಟಿ 2,240 ಮೀಟರ್. ಮೇಲೆ ಹೊರಗಿನ ಒತ್ತಡ ಕಡಿಮೆ, ಹಾಗಾಗಿ ಎದೆಯೊಳಗೆ ಸಿಕ್ಕಿಬಿದ್ದ ಗಾಳಿ ಸುಮಾರು ಐದನೇ ಒಂದು ಪಾಲು ಹಿಗ್ಗುತ್ತದೆ. ವಿಮಾನದ ಒಳಗಿನ ಒತ್ತಡವೂ ಹೆಚ್ಚುಕಡಿಮೆ ಊಟಿಯದ್ದೇ. ಎಕ್ಸ್‌ರೇಯಲ್ಲಿ ಗಾಳಿ ಪೂರ್ತಿ ಹೋಗಿದೆ ಎಂದು ಕಂಡ ಮೇಲೆ ಏಳು ದಿನ ಬಿಟ್ಟು ವಿಮಾನ ಹತ್ತಬಹುದು. ಊಟಿಗೂ ಅದೇ ಲೆಕ್ಕ ಇಟ್ಟುಕೊಳ್ಳಿ. ಗೋವಾಕ್ಕೋ ಅಂಡಮಾನಿಗೋ ಹೋಗಿ ಸ್ಕೂಬಾ ಡೈವಿಂಗ್ ಮಾಡುವ ಆಸೆಯಿದ್ದರೆ, ಎರಡೂ ಕಡೆ ಶಸ್ತ್ರಚಿಕಿತ್ಸೆ ಆಗದ ಹೊರತು ಅದು ಜೀವಮಾನವಿಡೀ ಬೇಡ. ಮತ್ತೆ ತೋರಿಸಲು ಎರಡರಿಂದ ನಾಲ್ಕು ವಾರದೊಳಗೆ ಬನ್ನಿ, ಬರುವಾಗ ಮೊದಲ ದಿನದ ಎಕ್ಸ್‌ರೇ ಫಿಲ್ಮನ್ನೂ ತನ್ನಿ. ಬರಿಯ ವರದಿ ತಂದರೆ ಎರಡನ್ನೂ ಪಕ್ಕಪಕ್ಕ ಹಿಡಿದು ಅಳೆಯಲು ಆಗುವುದಿಲ್ಲ.